ಕರೆಯದೆ ಬಂದು ಕುಂತ ಪ್ರೋಗ್ರಾಮುಗಳು

ಸಿಂದಗಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಸುತ್ತಲಿನ ತಾಲೂಕುಗಳಿಗೂ ಹೋಗುತ್ತೇನೆ. ಮೊದಲು ನಾನು ಶಾಂತ ಸ್ವಭಾವದವಳಾಗಿದ್ದೆ ಎಂದು ನನ್ನ ಗಂಡ ಹೇಳುತ್ತಾರೆ. ಈಗ ಯಾರಾದರೂ "ನಾವೇನೂ ಹಾಕಿಲ್ರಿ ಅಕ್ಕಾರ, ತಾನ ಬಂದೈತಿ" ಅಂದರೆ ಸಾಕು, ಕಿವಿ ಬಿಸಿಯಾಗುತ್ತದೆ. ಈ ಮಾತು ಕೇಳದ ವಾರವೇ ಇಲ್ಲ. ಪುಕ್ಕಟೆ ಸಿಗುತ್ತದೆಂದು ಒಂದನ್ನು ಇಳಿಸಿಕೊಳ್ಳುತ್ತಾರೆ, ಅದರ ಬೆನ್ನಿಗೆ ನಾಲ್ಕು ಒಳಗೆ ನುಗ್ಗುತ್ತವೆ. ನನಗೆ ನಿಜವಾದ ಸಿಟ್ಟು ನುಗ್ಗಿಸುವವರ ಮೇಲೆ. ಆದರೆ ಅವರು ಎಲ್ಲಿದ್ದಾರೋ. ಕೈಗೆ ಸಿಗುವವರು ಗಿರಾಕಿಗಳು ಮಾತ್ರ.

ವಕೀಲರ ಚಷ್ಮಾ

ಬಸವನ ಬಾಗೇವಾಡಿಯ ಒಬ್ಬ ವಕೀಲರು ಫೋನು ಮಾಡಿ, ಇಂಟರ್‌ನೆಟ್ ಸರಿಯಾಗಿ ಕಾಣುವುದಿಲ್ಲ ಎಂದರು. ಹೋಗಿ ನೋಡಿದರೆ ಬ್ರೌಸರಿನ ಮೇಲೆ ಐದು ಟೂಲ್‌ಬಾರ್ ಸಾಲಾಗಿ ಕುಂತಿದ್ದವು. ಒಂದು ಹವಾಮಾನ ಹೇಳುವುದು, ಒಂದು ಕೂಪನ್ ಕೊಡುವುದು, ಉಳಿದವು ಯಾಕಿದ್ದವೋ ಅವಕ್ಕೇ ಗೊತ್ತಿರಲಿಲ್ಲ. ಕೆಳಗೂ ಅಗಲವಾದ ಜಾಹೀರಾತಿನ ಪಟ್ಟಿ. ಓದಲು ಉಳಿದದ್ದು ನಾಲ್ಕು ಬೆರಳಿನಷ್ಟು ಜಾಗ.

"ಇದರಾಗ ಜಡ್ಜ್‌ಮೆಂಟ್ ಹ್ಯಾಂಗ ಓದಿದ್ರಿ ಸಾಹೇಬ್ರ?" ಎಂದೆ.

"ಹತ್ತಿರ ಹೋಗಿ ಇಣುಕಿ ಓದ್ತಿದ್ದೆ. ಕಣ್ಣಿಂದ ತೊಂದ್ರಿ ಅಂತ ತಿಳದು ಎರಡ ಸಲ ಚಷ್ಮಾ ಬದಲಿ ಮಾಡಿಸೇನಿ."

ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಕಿತ್ತು ಹಾಕಿದೆ. ಪರದೆ ಬಯಲಿನ ಹಾಗೆ ತೆರೆದುಕೊಂಡಿತು. ವಕೀಲರು ಕುರ್ಚಿ ಹಿಂದಕ್ಕೆ ಸರಿಸಿ ಆರಾಮಾಗಿ ಕುಂತು, ಸ್ವಲ್ಪ ಹೊತ್ತು ನೋಡಿ, ನನ್ನನ್ನೇ ಗುಮಾನಿಯಿಂದ ಕೇಳಿದರು:

"ಅಕ್ಕಾರ, ಏನ್ ಮಾಡಿದ್ರಿ? ಈಗ ಎಲ್ಲಾ ಮಸಕ ಕಾಣಾಕತ್ತೈತಿ."

ಮೂರು ಕಾವಲುಗಾರರು

ಇಂಡಿ ಪಟ್ಟಣದ ಒಬ್ಬ ಬೀಜದ ಅಂಗಡಿಯವರ ಕಂಪ್ಯೂಟರಿನಲ್ಲಿ ಸ್ವಚ್ಛ ಮಾಡುವ ಪ್ರೋಗ್ರಾಮು ಮೂರಿದ್ದವು. ಮೂರೂ ಬೆಳಿಗ್ಗೆ ಎದ್ದ ಕೂಡಲೇ ಕೆಂಪು ಅಕ್ಷರದಲ್ಲಿ ಕೂಗುತ್ತಿದ್ದವು, ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ ಎಂದು. ಮೊದಲನೆಯದು ಎರಡನೆಯದನ್ನು ಕಳ್ಳ ಅನ್ನುತ್ತಿತ್ತು, ಎರಡನೆಯದು ಮೂರನೆಯದನ್ನು. ಈ ಜಗಳದಲ್ಲಿ ಒಂದು ರಸೀದಿ ಹೊರಬರುವಷ್ಟರಲ್ಲಿ ರೈತರು ಚಹಾ ಕುಡಿದು ಬರುತ್ತಿದ್ದರು.

"ಇವು ಹೆದರಿಸಾಕ ಹುಟ್ಟಿದಾವರಿ. ವಿಂಡೋಸ್‌ನಾಗ ಇರೋ ಕಾವಲು ಸಾಕು" ಎಂದು ಮೂರನ್ನೂ ತೆಗೆದೆ. ಕಂಪ್ಯೂಟರ್ ಕುದುರೆಯ ಹಾಗೆ ಓಡತೊಡಗಿತು.

ನಾಲ್ಕನೇ ದಿನ ಅವರ ಫೋನು. ಮೂರನ್ನೂ ಹುಡುಕಿ ಮತ್ತೆ ಹಾಕಿಕೊಂಡಿದ್ದರು. ಯಾಕೆಂದು ನಾನು ಕೇಳಿದ ದನಿ ಪಕ್ಕದ ಝೆರಾಕ್ಸ್ ಅಂಗಡಿಗೂ ಮುಟ್ಟಿತಂತೆ. ಅವರು ಮಾತ್ರ ಸಮಾಧಾನದಿಂದಲೇ ಹೇಳಿದರು:

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮೊದಲಾದ್ರ ದಿನಾ ಇಷ್ಟು ದೋಷ ಅದಾವ ಅಂತ ಹೇಳ್ತಿತ್ತು, ಧೈರ್ಯ ಇತ್ತು. ನೀವು ಹ್ವಾದ ಮ್ಯಾಲ ಸುಮ್ಮನ ಕುಂತ್ ಬಿಟ್ಟಿತ್ರಿ. ನನಗ ಗಾಬರಿ ಆತು."

ಮಾಸ್ತರರ ರೈಟ್ ಗುರ್ತು

ತಂಗಡಗಿಯಲ್ಲಿ ನಿವೃತ್ತರಾಗಿ ಕುಂತಿರುವ ಒಬ್ಬ ಮಾಸ್ತರರು ಸಿಂದಗಿಯ ಶಾಲೆಯಲ್ಲಿ ನನಗೆ ಗಣಿತ ಕಲಿಸಿದವರು. ಅವರ ಲ್ಯಾಪ್‌ಟಾಪಿನ ಪ್ರೋಗ್ರಾಮುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ. ಒಂದೇ ದಿನ ಏಳು ಬಂದಿದ್ದವು. ಅವರು ಕರೆದದ್ದು ಒಂದನ್ನು, ಫೋಟೋ ಸಣ್ಣದು ಮಾಡುವುದನ್ನು. ಉಳಿದ ಆರಕ್ಕೆ ಮೊದಲೇ ರೈಟ್ ಗುರ್ತು ಹಾಕಿಟ್ಟಿದ್ದರು ಆ ಠಕ್ಕರು.

"ಸರ್ರ, ನೆಕ್ಸ್ಟ್ ಒತ್ತೂದಕ್ಕಿಂತ ಮೊದಲ ಆ ರೈಟ್ ಗುರ್ತು ತಗೀಬೇಕಿತ್ತು."

"ರೈಟ್ ಹಾಕಿದ್ದನ್ನ ಯಾಕ ತಗೀಲಿ? ಸರಿ ಐತಿ ಅಂತನ ಹಾಕಿರ್ತಾರ."

"ಬ್ಯಾಡಾದ ಕಡೆನೂ ಹಾಕಿರ್ತಾರ್ರಿ ಸರ್ರ. ಮೋಸ ಅದು." ನನ್ನ ದನಿ ಏರಿತ್ತು. ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬ್ಯಾಡಾದ ಕಡೆ ರೈಟ್ ಹಾಕೂದು ಮೋಸ ಅಲ್ಲ ತಂಗಿ, ಅದು ಕರುಣೆ. ನಾ ಹಂಗ ಹಾಕದಿದ್ರ ನೀ ಏಳನೇ ಕ್ಲಾಸ ದಾಟತಿದ್ದಿಲ್ಲ."

ಶಾಸ್ತ್ರಿಗಳ ಕುಂಡಲಿ

ಕೊನೆಯದು ನನ್ನ ಮೇಲೆ ನನಗೇ ಸಿಟ್ಟು ಬಂದ ಪ್ರಸಂಗ. ಕೊಲ್ಹಾರದ ಶಾಸ್ತ್ರಿಗಳೊಬ್ಬರು ಕಂಪ್ಯೂಟರಿನಲ್ಲೇ ಜಾತಕ ನೋಡುವವರು. ಕುಂಡಲಿ ತೆರೆದರೆ ಮೂಲೆಯಲ್ಲಿ ಇಸ್ಪೀಟು ಆಟದ ಜಾಹೀರಾತು ಕುಣಿಯುತ್ತಿತ್ತು. ನಾನು ಹೋದ ದಿನ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಬಂದು, ಜಮಖಾನದ ಆ ತುದಿ ಈ ತುದಿಗೆ ಮಾತಿಲ್ಲದೆ ಕುಂತಿದ್ದರು. ಹುಡುಗ ಹುಡುಗಿ ಒಪ್ಪಿಯಾಗಿತ್ತು, ಜಾತಕ ಕೂಡುವುದೊಂದು ಬಾಕಿ. ಶಾಸ್ತ್ರಿಗಳು ಚಹಾ ಹೇಳಲು ಒಳಗೆ ಹೋದರು.

ಬರುವ ದಾರಿಯಲ್ಲಿ ಒಂದು ಸೇತುವೆಯ ಮೇಲೆ ಬಸ್ಸು ತಾಸುಗಟ್ಟಲೆ ನಿಂತು ನನ್ನ ತಲೆ ಮೊದಲೇ ಕಾದಿತ್ತು. ಬೇಡದ ಪ್ರೋಗ್ರಾಮುಗಳನ್ನು ಒಂದೊಂದಾಗಿ ತೆಗೆಯತೊಡಗಿದೆ. ನಡುವೆ ಒಂದಿತ್ತು, ಹೆಸರು ಅಡ್ಡಾದಿಡ್ಡಿ, ಮಾಡಿದವರ ಪತ್ತೆಯಿಲ್ಲ. ಖಂಡಿತ ತೆಗೆಯಬೇಕೆ ಎಂದು ಕಂಪ್ಯೂಟರು ಕೇಳಿತು. ಓದದೆ ಹೌದು ಒತ್ತಿದೆ. ಓದದೆ ಒತ್ತುವವರನ್ನು ಬೈದೇ ಹೊಟ್ಟೆ ಹೊರೆದವಳು ನಾನು.

ಶಾಸ್ತ್ರಿಗಳು ಬಂದು ನೋಡಿದರು. "ಜಾಹೀರಾತು ಹೋತು, ಚೊಲೋ ಆತು. ಕುಂಡಲಿ ಎಲ್ಲೈತಿ?"

ಅಡ್ಡಾದಿಡ್ಡಿ ಹೆಸರಿನದೇ ಕುಂಡಲಿ ಹಾಕುವ ಪ್ರೋಗ್ರಾಮು. ಎಂದೋ ಸೊಲ್ಲಾಪುರದ ಪರಿಚಯದವರೊಬ್ಬರು ಮಾಡಿಕೊಟ್ಟದ್ದಂತೆ. ಹಳೆಯ ಡ್ರೈವು, ಪೆನ್‌ಡ್ರೈವು, ಎಲ್ಲ ಜಾಲಾಡಿದೆ. ಎರಡು ತಾಸಾಯಿತು. ಬೆನ್ನ ಹಿಂದೆ ಹೊತ್ತು ಹೋಗದ ಹೆಂಗಸರು ಮಾತು ಶುರು ಮಾಡಿದ್ದರು. ಹುಡುಗನ ತಾಯಿಯ ತವರು ಕನ್ನೊಳ್ಳಿ, ಹುಡುಗಿಯ ಅಜ್ಜಿಯದೂ ಕನ್ನೊಳ್ಳಿ. ಆಮೇಲೆ ರೊಟ್ಟಿಯ ಗಂಟು ಬಿಚ್ಚಿದ ಸದ್ದು, ಶೇಂಗಾ ಚಟ್ನಿಯ ವಾಸನೆ, ನಗು.

ಕೊನೆಗೆ ಒಂದು ಹಳೆಯ ಫೋಲ್ಡರಿನಲ್ಲಿ ಸಿಕ್ಕಿತು. "ಸಿಕ್ತ್ರಿ, ಈಗ ಹಾಕ್ತೇನಿ" ಎಂದು ತಿರುಗಿದೆ. ಜಮಖಾನದ ಎರಡು ತುದಿಯವರೂ ನಡುವೆ ಒಂದೇ ಗುಂಪಾಗಿ ಕುಂತಿದ್ದರು.

ಹುಡುಗನ ತಾಯಿ ಕೈ ಅಡ್ಡ ಮಾಡಿ ಹೇಳಿದರು. "ಇವತ್ತ ಹಾಕಬ್ಯಾಡವಾ, ಪುಣ್ಯಾ ಬರತೈತಿ. ನಮ್ಮ ಮಾತು ಮುಗದೈತಿ. ಅದು ಮತ್ತ ಏನರ ಅಂದೀತು."

ಶಾಸ್ತ್ರಿಗಳು ಅವರನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ತಣ್ಣಗೆ ಹೇಳಿದರು:

"ಬ್ಯಾಡಾದದ್ದು ಇನ್ನೂ ಒಂದ್ ಉಳದೈತ್ರಿ ಅಕ್ಕಾರ. ಬಂದದ್ ಬಂದೀರಿ, ನನ್ನೂ ತಗದು ಹೋಗಿಬಿಡ್ರಿ."