ನೆಲಮಾಳಿಗೆಯ ಮಲ್ಲಿಗೆ

ರಾಮದಾಸ ಸಮಯಕ್ಕೆ ಸರಿಯಾಗಿ ಪೊರಕೆ ಹಿಡಿಯದೆ ಇದ್ದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ಅವನು ಉಡುಪಿಯವನು, ಜರ್ಮನಿಯ ಅಬ್‌ಸ್ಟಾಟಿನಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷೆ ಮಾಡುವ ಎಂಜಿನಿಯರು. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಬಂದು, ಈಗ ಕಾಯಂ ವಾಸಕ್ಕೆ ಅರ್ಜಿ ಹಾಕಿ, ಅಂಚೆ ಡಬ್ಬಿ ಸದ್ದಾದರೂ ಎದೆ ಹಿಡಿದುಕೊಳ್ಳುವ ಸ್ಥಿತಿಯಲ್ಲಿದ್ದ. ಆದರೆ ಅವನಿದ್ದ ಕಟ್ಟಡದಲ್ಲಿ ಸರಕಾರಕ್ಕಿಂತ ಹೆಚ್ಚಿನ ಅಧಿಕಾರ ಒಂದು ಮರದ ಹಲಗೆಗಿತ್ತು. ಕೇರ್‌ವೋಖೆ ಎಂದು ಬರೆದ ಆ ಹಲಗೆ ಯಾರ ಬಾಗಿಲಿಗೆ ನೇತಾಡುತ್ತದೋ ಆ ವಾರ ಅವರು ಮೆಟ್ಟಿಲಿನಿಂದ ಹಿಡಿದು ನೆಲಮಾಳಿಗೆಯ ತನಕ ಗುಡಿಸಿ ಒರೆಸಬೇಕು. ಗುಡಿಸಿದ್ದು ಸಾಕೋ ಸಾಲದೋ ಎಂದು ತೀರ್ಪು ಕೊಡುವವರು ಕೆಳಮನೆಯ ಅಜ್ಜಿ ಫ್ರಾವ್ ಹೇಗೆಲೆ. ವಯಸ್ಸಾಗಿ ಎರಡು ಮಂಡಿಯೂ ಹಿಡಿದುಕೊಂಡಿದ್ದವು. ಆದರೂ ಕುಂಟುತ್ತ ಕಟ್ಟಡವಿಡೀ ಹತ್ತಿಳಿದು, ಮೆಟ್ಟಿಲ ಕಂಬಿಯ ಮೇಲೆ ಬೆರಳೆಳೆದು, ಆ ಬೆರಳನ್ನು ತಪ್ಪಿತಸ್ಥನ ಮೂಗಿನ ಕೆಳಗೆ ಹಿಡಿಯುವುದು ಅವರ ಪದ್ಧತಿ.

ಆ ವಾರ ಹಲಗೆ ರಾಮದಾಸನ ಬಾಗಿಲಿನಲ್ಲಿತ್ತು. ಶನಿವಾರ ಬಂದರೂ ಪೊರಕೆ ಮೂಲೆ ಬಿಟ್ಟಿರಲಿಲ್ಲ. ಏಕೆಂದರೆ ಅಂದು ಹೆಂಡತಿ ಸುರಭಿಯ ಸೀಮಂತ, ಮತ್ತು ರಾಮದಾಸನ ತಲೆಯಲ್ಲಿ ಮಲ್ಲಿಗೆಯ ಹೊರತು ಬೇರೇನೂ ಇರಲಿಲ್ಲ.

ಮಲ್ಲಿಗೆಯ ವಿಷಯ ಸ್ವಲ್ಪ ಹಿಂದಿನದು. ಹೋದ ಬೇಸಿಗೆಯಲ್ಲಿ ಅತ್ತೆ ಕಲ್ಯಾಣಿಯಮ್ಮ ಮಗಳ ಸಂಸಾರ ನೋಡಲು ಬಂದಾಗ, ಹಲಸಿನ ಹಪ್ಪಳದ ಕಟ್ಟುಗಳ ನಡುವೆ ಒದ್ದೆ ಬಟ್ಟೆ ಸುತ್ತಿ ಮೂರು ಶಂಕರಪುರ ಮಲ್ಲಿಗೆಯ ಗಿಡಗಳನ್ನು ಸೂಟ್‌ಕೇಸಿನಲ್ಲಿ ತಂದಿದ್ದರು.

"ಇವಳ ಅಕ್ಕನ ಸೀಮಂತಕ್ಕೆ ತಲೆ ತುಂಬ ಮಲ್ಲಿಗೆ ಮುಡಿಸಿದ್ದೇನೆ," ಎಂದಿದ್ದರು ಅತ್ತೆ. "ಇವಳಿಗೆ ಪ್ಲಾಸ್ಟಿಕ್ ಹೂ ಮುಡಿಸುವ ಗತಿ ಬರ್ಬಾರ್ದು."

ರಾಮದಾಸ ಎದೆಯುಬ್ಬಿಸಿ, "ನೀವು ಚಿಂತೆ ಮಾಡ್ಬೇಡಿ ಅತ್ತೆ. ಸೀಮಂತ ಯಾವಾಗ ಆದ್ರೂ ಸರಿ, ಈ ಗಿಡದ್ದೇ ಹೂ ಮುಡಿಸುವ. ಇದು ನನ್ನ ಮಾತು," ಎಂದುಬಿಟ್ಟಿದ್ದ.

ನವೆಂಬರಿನ ಚಳಿಗೆ ಬಾಲ್ಕನಿಯಲ್ಲಿದ್ದ ಗಿಡಗಳ ಎಲೆಯೆಲ್ಲ ಉದುರಿತು. ಬಸುರಿ ಸುರಭಿ ಅತ್ತಳು. ಉಡುಪಿಯಲ್ಲಿ ಅತ್ತೆ ಬಿಟ್ಟ ನಿಟ್ಟುಸಿರು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ರಾಮದಾಸ, "ಗಿಡ ಸತ್ತಿತು, ಕಸಕ್ಕೆ ಹಾಕಿದೆ," ಎಂದು ಮನೆಯಲ್ಲಿ ಹೇಳಿ, ಇನ್ನೂ ಹಸಿರಿದ್ದ ಆ ಕಾಂಡಗಳನ್ನು ಗುಟ್ಟಾಗಿ ನೆಲಮಾಳಿಗೆಯ ತನ್ನ ಕೋಣೆಗೆ ಸಾಗಿಸಿದ. ಹೂ ಬಿಟ್ಟರೆ ಸೀಮಂತದ ದಿನ ಎಲ್ಲರೆದುರು ತಂದಿಟ್ಟು ಮೀಸೆ ತಿರುವಬಹುದು. ಬಿಡದಿದ್ದರೆ ಎರಡನೆಯ ಸಲ ಮರ್ಯಾದೆ ಕಳೆದುಕೊಳ್ಳುವುದಾದರೂ ತಪ್ಪುತ್ತದೆ. ಗುಟ್ಟು ಗೊತ್ತಿದ್ದದ್ದು ಅವನ ಆಫೀಸಿನ ಗೆಳೆಯ, ಮಂಗಳೂರಿನ ಜೇಸನ್‌ಗೆ ಮಾತ್ರ.

ಯಾರೋ ಬೀದಿಬದಿಗೆ ಬಿಸಾಡಿದ್ದ ಬಟ್ಟೆಯ ಕಪಾಟನ್ನು ಇಬ್ಬರೂ ಹೊತ್ತು ತಂದರು. ಒಳಗೆಲ್ಲ ಚಪಾತಿ ಸುತ್ತುವ ಬೆಳ್ಳಿ ಕಾಗದ ಅಂಟಿಸಿದರು. ಹಳೆಯ ಕಂಪ್ಯೂಟರಿನ ಫ್ಯಾನುಗಳು ಗಾಳಿಗಾಯಿತು. ಬ್ರೇಕಿಗೆ ಸೆನ್ಸರು ಕೂರಿಸಿ ಕೈಪಳಗಿದ್ದ ರಾಮದಾಸ ಮಣ್ಣಿನ ತೇವಕ್ಕೊಂದು, ಸೆಕೆಗೊಂದು ಸೆನ್ಸರು ಕೂರಿಸಿದ. ಆದರೆ ಕಪಾಟಿನೊಳಗೆ ಗಿಡ ಹೂ ಬಿಡುವಂತೆ ಮಾಡುವುದು ಹೇಗೆಂದು ಕಲಿಸುವ ವೀಡಿಯೊಗಳಲ್ಲಿ ಮಲ್ಲಿಗೆಯ ಸುಳಿವೇ ಇಲ್ಲ. ಇದ್ದದ್ದೆಲ್ಲ ಗಾಂಜಾ! ವಯಸ್ಕರು ಮನೆಯಲ್ಲಿ ಮೂರು ಗಾಂಜಾ ಗಿಡ ಇಟ್ಟುಕೊಳ್ಳಬಹುದು ಎಂದು ಹೋದ ವರ್ಷವಷ್ಟೇ ಜರ್ಮನಿಯಲ್ಲಿ ಕಾನೂನಾಗಿತ್ತು. ಅಂದಿನಿಂದ ತುಳಸಿಗಿಡಕ್ಕೂ ನೀರು ಹಾಕಿ ಗೊತ್ತಿಲ್ಲದವರೆಲ್ಲ ತೋಟಗಾರರಾಗಿ ವೀಡಿಯೊ ಮಾಡತೊಡಗಿದ್ದರು. ಹೀಗೆ ಜನ್ಮದಲ್ಲಿ ಬೀಡಿ ಮುಟ್ಟದ ರಾಮದಾಸ ಗಾಂಜಾ ಗುರುಗಳ ಶಿಷ್ಯನಾದ.

ಗಿಡಕ್ಕೆ ಬಿಸಿಲಿನ ಬದಲು ಹಾಕುವ ನೇರಳೆ ದೀಪ ಕೊಳ್ಳಲು ಅಂಗಡಿಗೆ ಹೋದಾಗ ಕುತ್ತಿಗೆಯವರೆಗೆ ಹಚ್ಚೆ ಹಾಕಿಸಿಕೊಂಡ ಅಂಗಡಿಯವನು, "ಯಾವ ತಳಿ?" ಎಂದು ಕೇಳಿದ.

"ಉಡುಪಿ," ಎಂದ ರಾಮದಾಸ.

"ಕೇಳಿಲ್ಲವಲ್ಲ! ಜೋರಿದೆಯಾ?"

"ಒಂದು ಹಿಡಿ ಇದ್ದರೆ ಸಾಕು, ಇಡೀ ಮನೆಗೆ ಗೊತ್ತಾಗುತ್ತದೆ."

ಅಂಗಡಿಯವನು ಎರಡೂ ಕೈಯಿಂದ ಅವನ ಕೈ ಕುಲುಕಿ ಕಳಿಸಿಕೊಟ್ಟ.

ಜೇಸನ್ ಮಾತ್ರ ಮೊದಲ ದಿನದಿಂದ ಹೆದರಿಸುತ್ತಲೇ ಇದ್ದ. "ಯಾರಿಗೂ ಬಾಯಿ ಬಿಡ್ಬೇಡ ಮಾರಾಯ. ಸರ್ಟಿಫಿಕೇಟ್ ಇಲ್ಲದೆ ಹೊರದೇಶದ ಗಿಡ ತರುವ ಹಾಗೇ ಇಲ್ಲ ಇಲ್ಲಿ. ಕಸ್ಟಮ್ಸಿನವ್ರಿಗೆ ಗೊತ್ತಾದ್ರೆ ಗಿಡ ಸುಟ್ಟು ಹಾಕ್ತಾರೆ, ನಿಂಗೆ ದಂಡ ಬೇರೆ. ನಿನ್ನ ಅರ್ಜಿ ಈಗ ಅವರ ಮೇಜಿನ ಮೇಲುಂಟು, ನೆನಪಿರ್ಲಿ."

ಶನಿವಾರ ಬೆಳಗ್ಗೆ ರಾಮದಾಸ ಕಪಾಟಿನ ಬಾಗಿಲು ತೆರೆದಾಗ ಮೂರು ಗಿಡದ ತುಂಬ ಬಿಳಿ ಮೊಗ್ಗು. ಅವನ ಕಣ್ಣಲ್ಲಿ ನೀರೇ ಬಂತು. ನೆಂಟರು ಬರುವ ಹೊತ್ತಿಗೆ ಕೊಯ್ದರೆ ಹೂ ಬಾಡುವುದಿಲ್ಲವೆಂದು ಬೀಗ ಹಾಕಿ ಮೇಲೆ ಬಂದ. ವಾರದ ಹಿಂದೆಯೇ ಊರಿನಿಂದ ಬಂದಿದ್ದ ಅತ್ತೆ ಅಡುಗೆಮನೆಯಲ್ಲಿ, ಹೂ ಇಲ್ಲದ ಸೀಮಂತದ ಬಗ್ಗೆ ಕಡಲೆಬೇಳೆಯ ಜೊತೆ ಮಾತಾಡುತ್ತಿದ್ದರು. ರಾಮದಾಸ ಒಳಗೊಳಗೇ ನಕ್ಕ. ಆಗ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಫ್ರಾವ್ ಹೇಗೆಲೆಯ ಬೆರಳು. ಅದರ ಹಿಂದೆ ಫ್ರಾವ್ ಹೇಗೆಲೆ.

"ಹೆರ್ ದಾಸ್, ನೆಲಮಾಳಿಗೆಯ ಮೆಟ್ಟಿಲು ನೋಡಿ ಬಂದೆ. ಇದು ಅಲ್ಲಿನ ಧೂಳು," ಎಂದರು ಅವರು ತಮ್ಮ ಜರ್ಮನಿನಲ್ಲಿ. "ಇನ್ನೊಂದು ವಿಷಯ. ನಿಮ್ಮ ಕೋಣೆಯ ಸಂದಿಯಿಂದ ನೇರಳೆ ಬೆಳಕು ಬರುತ್ತಿದೆ. ಒಳಗೆ ಏನದು?"

"ಏನೂ ಇಲ್ಲ," ಎಂದ ರಾಮದಾಸ.

"ಏನೂ ಇಲ್ಲದ್ದು ಗುಂಯ್ ಅನ್ನುತ್ತದೆಯೇ?"

"ಅದು... ಚಳಿಗಾಲಕ್ಕೆಂದು ಬಿಚ್ಚಿಟ್ಟ ಬೇಸಿಗೆಯ ಟೈರುಗಳು."

"ಟೈರಿಗೆ ದೀಪ ಯಾಕೆ?"

ರಾಮದಾಸನ ಮುಖ ಬಿಳಿಚಿತು. ಫ್ರಾವ್ ಹೇಗೆಲೆ ಆ ಮುಖವನ್ನು ಕಣ್ತುಂಬ ನೋಡಿ, "ನನ್ನ ತಂಗಿಯ ಮಗ ಫ್ಲೋರಿಯಾನ್ ಇವತ್ತು ಊಟಕ್ಕೆ ಬರುತ್ತಾನೆ. ಅವನು ಪೊಲೀಸು. ಅವನೇ ನೋಡಲಿ," ಎಂದು ಕಂಬಿ ಹಿಡಿದು ಇಳಿದರು.

ಕೇಕ್ ಹಿಡಿದು ಬಂದ ಜೇಸನ್‌ನನ್ನು ರಾಮದಾಸ ಬಾಗಿಲಲ್ಲೇ ತಡೆದ. "ಪೊಲೀಸ್ ಬರ್ತಾನಂತೆ ಮಾರಾಯ! ಈಗ್ಲೇ ಹೂ ಕೊಯ್ದು, ಗಿಡ ನಿನ್ನ ಕಾರಲ್ಲಿ ಹಾಕುವ."

"ನನ್ನ ಕಾರಲ್ಲಾ? ನಂದೂ ಬ್ಲೂ ಕಾರ್ಡೇ ಅಲ್ವನಾ!" ಎಂದ ಜೇಸನ್. ಆದರೂ ಗೆಳೆಯನ ಹಿಂದೆ ಓಡಿದ.

ಮೆಟ್ಟಿಲಿನಲ್ಲಿ ಹೈಲ್‌ಬ್ರೋನಿನಿಂದಲೂ ಕಾರ್ಲ್ಸ್‌ರುಹೆಯಿಂದಲೂ ಬಂದ ನೆಂಟರು ಪಟ್ಟೆ ಸೀರೆಯಲ್ಲಿ ಎದುರಾದರು. "ಎಲ್ಲಿಗೆ ಓಡುದು ಇವ್ರು?" ಎಂದು ಒಬ್ಬರು, "ಆಸ್ಪತ್ರೆಗೇನೋ!" ಎಂದು ಇನ್ನೊಬ್ಬರು. ಬಸುರಿ ಮನೆಯಿಂದ ಗಂಡ ಹಾಗೆ ಓಡಿದರೆ ಯಾರು ಸುಮ್ಮನಿರುತ್ತಾರೆ? ಅವರೂ ತಿರುಗಿ ಹಿಂದೆಯೇ ಇಳಿದರು. ಗಲಾಟೆ ಕೇಳಿ ಆರತಿ ತಟ್ಟೆ ಹಿಡಿದಿದ್ದ ಅತ್ತೆಯೂ ಹಾಗೇ ಬಂದರು. ಸುರಭಿ ಮಾತ್ರ ಮೇಲೆ ಮಣೆಯ ಮೇಲೆ ಕೂತಿದ್ದಳು.

ಕೋಣೆಯ ಮುಂದೆ ಫ್ರಾವ್ ಹೇಗೆಲೆಯ ಜೊತೆ ಫ್ಲೋರಿಯಾನ್ ಸಮವಸ್ತ್ರದಲ್ಲಿ ನಿಂತಿದ್ದ. ಎತ್ತರದ ಹುಡುಗ, ಹೊಟ್ಟೆ ಹಸಿದವನ ಮುಖ.

"ದೊಡ್ಡಮ್ಮ ಹೇಳಿದ್ದು ಕೇಳಿದರೆ ಗಾಂಜಾ ಬೆಳೆಸಿದ್ದೀರಿ ಅನಿಸುತ್ತದೆ," ಎಂದ ಅವನು ಮೆತ್ತಗೆ. "ಅದಾದರೆ ನನಗೇನೂ ಕೆಲಸವಿಲ್ಲ. ಮೂರು ಗಿಡ ಮೀರಬಾರದು. ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಇರಬೇಕು. ಬೇರೆಯವರಿಗೆ ಕೊಡಬಾರದು. ಅಷ್ಟೆ."

ಫ್ರಾವ್ ಹೇಗೆಲೆಗೆ ಇದು ಸಾಲಲಿಲ್ಲ. "ಬೇರೆ ಏನಾದರೂ ಆಗಿದ್ದರೆ? ಅವರ ದೇಶದಿಂದ ತಂದ ಯಾವುದಾದರೂ ಗಿಡ?"

"ಹಾಗಾದರೆ ಬಾಗಿಲು ತೆಗೆಸಿ ಕಸ್ಟಮ್ಸಿನವರಿಗೆ ಫೋನ್ ಮಾಡಬೇಕು. ಅದು ದೊಡ್ಡ ತಲೆನೋವು." ಫ್ಲೋರಿಯಾನ್ ರಾಮದಾಸನ ಕಡೆ ತಿರುಗಿದ. "ಹೇಳಿ, ಒಳಗಿರುವುದು ಏನು?"

ರಾಮದಾಸ ಬೀಗದ ಕೈಯನ್ನು ನೋಡಿದ. ಒಳಗೆ ಸುರಭಿಯ ಮಲ್ಲಿಗೆ, ಎಲ್ಲೋ ಒಂದು ಮೇಜಿನ ಮೇಲೆ ತನ್ನ ಅರ್ಜಿ. ಮೂರು ತಲೆಮಾರಿನಿಂದ ಏಕಾದಶಿ ಉಪವಾಸ ತಪ್ಪಿಸದ ಮನೆತನದ ಕುಡಿ, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿತು:

"ಗಾಂಜಾ! ಗಾಂಜಾನೇ! ಮೂರೇ ಗಿಡ!"

ಅಲ್ಲಿಯವರೆಗಿನ ಜರ್ಮನಿನಲ್ಲಿ ಒಂದಕ್ಷರವೂ ಅರ್ಥವಾಗದಿದ್ದ ಅತ್ತೆಗೆ ಈ ಮಾತು ಮಾತ್ರ ಚೆನ್ನಾಗಿ ಅರ್ಥವಾಯಿತು. ಆರತಿ ತಟ್ಟೆ ಕೈಜಾರಿ, ಅಕ್ಷತೆ ಕುಂಕುಮ ಎಲ್ಲ ಮೆಟ್ಟಿಲ ಮೇಲೆ ಚೆಲ್ಲಿತು.

"ಸರಿ ಮತ್ತೆ," ಎಂದು ಫ್ಲೋರಿಯಾನ್ ಟೊಪ್ಪಿ ಸರಿಪಡಿಸಿಕೊಂಡು ಊಟಕ್ಕೆ ನಡೆದ. ಫ್ರಾವ್ ಹೇಗೆಲೆ ಮೆಟ್ಟಿಲನ್ನು ನೋಡಿ, "ಈ ಅಕ್ಕಿಯನ್ನೂ ನೀವೇ ಗುಡಿಸಬೇಕು," ಎಂದರು.

ಮೇಲೆ ಮನೆಯಲ್ಲಿ ಸೂತಕದ ಕಳೆ. ನೆಂಟರು ಸೋಫಾದ ತುದಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಸುರಭಿಯ ಕಣ್ಣು ಕೆಂಪಾಗಿತ್ತು.

"ಅತ್ತೆ, ಅದು ಗಾಂಜಾ ಅಲ್ಲ. ನೀವು ತಂದ ಮಲ್ಲಿಗೆ!" ರಾಮದಾಸ ಕೈಮುಗಿದ.

"ಮಲ್ಲಿಗೆ ಸತ್ತಿತು, ಕಸಕ್ಕೆ ಹಾಕಿದೆ ಅಂತ ಹೇಳಿದ್ದು ಯಾರು? ನೀವೇ ಅಲ್ವಾ?" ಎಂದರು ಅತ್ತೆ.

"ಅದು ಸುಳ್ಳು ಹೇಳಿದ್ದು."

"ಪೊಲೀಸಿನವನ ಹತ್ರ ಹೇಳಿದ್ದು?"

"ಅದೂ ಸುಳ್ಳು."

"ಈಗ ಹೇಳುದು ಮಾತ್ರ ಸತ್ಯವಾ?"

ಜೇಸನ್ ಮುಂದೆ ಬಂದ. "ಆಂಟಿ, ದೇವರಾಣೆಗೂ ಮಲ್ಲಿಗೆಯೇ. ನಾನೇ ಕಣ್ಣಾರೆ ನೋಡಿದ್ದೇನೆ."

"ನೀನೂ ಸೇದಿದ್ದೀಯಾ ಮಗಾ?" ಎಂದರು ಅತ್ತೆ ಕನಿಕರದಿಂದ.

"ಕೆಳಗೆ ಬನ್ನಿ, ಗಿಡ ತೋರಿಸ್ತೇನೆ," ಎಂದ ರಾಮದಾಸ.

"ಶುಭಕಾರ್ಯಕ್ಕೆ ನಿಂತವಳು ಗಾಂಜಾ ಕೋಣೆಗೆ ಕಾಲಿಡುದಿಲ್ಲ. ಮಲ್ಲಿಗೆ ಆದ್ರೆ ತನ್ನಿ, ಮುಡಿಸ್ತೇನೆ. ಮುಹೂರ್ತ ಮುಗಿಯುವ ಮೊದ್ಲು ತನ್ನಿ."

ಸುರಭಿ ತಲೆಯೆತ್ತಿ ಗಂಡನನ್ನು ನೋಡಿದಳು. ಅವನನ್ನು ನಂಬಬೇಕೆಂಬ ಆಸೆ ಆ ಕಣ್ಣಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ರಾಮದಾಸ ಸ್ಟೀಲಿನ ಬೋಗುಣಿ ಹಿಡಿದು ಓಡಿದ.

ಮೂರೂ ಗಿಡದ ಮೊಗ್ಗನ್ನು ಒಂದೂ ಬಿಡದೆ ಕೊಯ್ದ. ಬೋಗುಣಿ ತುಂಬಿತು. ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರೆ, ಕೆಳಮನೆಯ ಬಾಗಿಲು ಅರ್ಧ ತೆರೆದು ಫ್ರಾವ್ ಹೇಗೆಲೆ ಕಾಯುತ್ತಿದ್ದರು. ಕೈಯಲ್ಲಿ ಜಾಮಿನ ಖಾಲಿ ಬಾಟಲಿ. ಒಳಗೆ ಫ್ಲೋರಿಯಾನ್ ಉಣ್ಣುವ ಚಮಚದ ಸದ್ದು.

"ಹೆರ್ ದಾಸ್," ಎಂದರು ಅವರು. ಅವರ ದನಿ ಅಷ್ಟು ಮೃದುವಾಗಿದ್ದುದನ್ನು ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. "ಇದರ ಹೂವು ಮಂಡಿನೋವಿಗೆ ಒಳ್ಳೆಯದಂತೆ. ಪೇಪರಿನಲ್ಲಿ ಓದಿದ್ದೇನೆ. ಕುದಿಸಿ ಕುಡಿಯುತ್ತೇನೆ. ಹುಡುಗನಿಗೆ ಗೊತ್ತಾಗುವುದು ಬೇಡ."

"ಬೇರೆಯವರಿಗೆ ಕೊಡಬಾರದು ಅಂತ ಅವನೇ ಹೇಳಿದನಲ್ಲ?"

ಫ್ರಾವ್ ಹೇಗೆಲೆ ಬೋಗುಣಿಗೆ ಬಗ್ಗಿ ಮೂಸಿದರು. ಹುಬ್ಬು ಮೇಲೇರಿತು. "ಕೆಟ್ಟ ವಾಸನೆ ಎಂದು ಬರೆದಿದ್ದರು. ಇದು ಹಾಗಿಲ್ಲವಲ್ಲ! ಇದು ನಿಜವಾಗಿಯೂ ಅದೇನಾ? ಫ್ಲೋರಿಯಾನ್‌ಗೆ ಒಮ್ಮೆ ತೋರಿಸಲೇ?"

"ಬೇಡ, ಬೇಡ! ಅದೇ," ಎಂದ ರಾಮದಾಸ. "ಇದು ಉಡುಪಿ ತಳಿ." ಒಂದು ಹಿಡಿ ಮೊಗ್ಗು ತೆಗೆದು ಬಾಟಲಿಗೆ ಹಾಕಿದ.

ಬಾಟಲಿ ಹಿಂದೆ ಸರಿಯಲಿಲ್ಲ. ಇನ್ನೊಂದು ಹಿಡಿ ಹಾಕಿದ.

"ಮಂಡಿ ಎರಡಿವೆ," ಎಂದರು ಫ್ರಾವ್ ಹೇಗೆಲೆ.

ಒಳಗೆ ಚಮಚದ ಸದ್ದು ನಿಂತಿತು. "ದೊಡ್ಡಮ್ಮ, ಯಾರದು?" ಎಂದು ಫ್ಲೋರಿಯಾನ್ ಕುರ್ಚಿ ಸರಿಸಿದ್ದು ಕೇಳಿಸಿತು. ರಾಮದಾಸ ಬೋಗುಣಿಯನ್ನು ಇಡಿಯಾಗಿ ಬಾಟಲಿಗೆ ಮಗುಚಿದ. ಬಾಗಿಲು ಮುಚ್ಚಿಕೊಂಡಿತು.

ಖಾಲಿ ಬೋಗುಣಿ ಹಿಡಿದು ಬಂದವನ ಕೈಯಿಂದ ಅತ್ತೆ ಅದನ್ನು ತೆಗೆದು ಮೂಲೆಗಿಟ್ಟರು. ನೆಂಟರೊಬ್ಬರು ಸೂಪರ್‌ಮಾರ್ಕೆಟಿನಿಂದ ತಂದಿದ್ದ, ವಾಸನೆಯೇ ಇಲ್ಲದ ಎರಡು ಗುಲಾಬಿಯನ್ನು ಸುರಭಿಯ ಜಡೆಗೆ ಸಿಕ್ಕಿಸಿದರು. ಡಬ್ಬಿಯಲ್ಲಿ ಉಳಿದಿದ್ದ ಕುಂಕುಮದಲ್ಲಿ ಆರತಿಯಾಯಿತು. ಹಾಡು ಶುರುಮಾಡಿದವರೂ ಅರ್ಧಕ್ಕೆ ನಿಲ್ಲಿಸಿದರು.

ಆಗ ಎಲ್ಲಿಂದಲೋ ತೇಲಿ ಬಂತು ಪರಿಮಳ. ಮೊದಲು ತೆಳ್ಳಗೆ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಬಾಗಿಲ ಸಂದಿಯಿಂದ ನುಗ್ಗಿ ಮನೆಯಿಡೀ ತುಂಬಿತು. ಅತ್ತೆಯ ಮೂಗು ಅರಳಿತು.

"ಮಲ್ಲಿಗೆ!" ಎಂದರು ಅವರು, ಪಾಯಸದ ಸೌಟು ಹಿಡಿದು ಎದ್ದು ನಿಂತು. "ಶಂಕರಪುರ ಮಲ್ಲಿಗೆಯೇ! ಎಲ್ಲಿಂದ ಇದು?" ಬಾಗಿಲು ತೆರೆದು ಕೆಳಗೆ ಬಗ್ಗಿ ಮೂಸಿದರು. ತಿರುಗಿ ಬಂದಾಗ ಮುಖ ಕೆಂಡವಾಗಿತ್ತು. "ಕೆಳಮನೆಯ ಆ ಜರ್ಮನ್ ಅಜ್ಜಿಯ ಮನೆಯಿಂದ! ಭಾಷೆ ಬಾರದ, ಶಾಸ್ತ್ರ ಗೊತ್ತಿಲ್ಲದ ಆ ಹೆಂಗಸಿಗೆ ಈ ಚಳಿಯಲ್ಲಿ ಮಲ್ಲಿಗೆ ಬೆಳೆಸ್ಲಿಕ್ಕೆ ಗೊತ್ತುಂಟು. ನಮ್ಮ ಅಳಿಯಂದಿರು ಬೆಳೆಸಿದ್ದು ಗಾಂಜಾ!"

ರಾಮದಾಸ ಬಾಯಿ ತೆರೆದ. ಜೇಸನ್‌ನನ್ನು ನೋಡಿದ. ಜೇಸನ್ ಕೇಕ್ ನೋಡಿದ. ರಾಮದಾಸ ಬಾಯಿ ಮುಚ್ಚಿದ.

ಸುರಭಿ ಗುಲಾಬಿಯನ್ನು ಜಡೆಯಿಂದ ಕಿತ್ತು ತಟ್ಟೆಗಿಟ್ಟಳು. "ಇಲ್ಲಿ ಕೇಳಿ," ಎಂದಳು ಗಂಡನಿಗೆ, ತುಂಬಿದ ಕಣ್ಣಲ್ಲೇ. "ನಂಗೊಂದು ಉಪಕಾರ ಮಾಡಿ. ಆ ಫ್ರಾವ್ ಹೇಗೆಲೆ ಹತ್ರ ಹೋಗಿ, ಮುಡಿಲಿಕ್ಕೆ ಒಂದು ಚೆಂಡು ಮಲ್ಲಿಗೆ ಕೊಡ್ತಾರಾ ಕೇಳಿ ಬನ್ನಿ. ಮೆಟ್ಟಿಲು ಸರಿಯಾಗಿ ಗುಡಿಸ್ಕೊಡ್ತೇನೆ ಅಂತ ಹೇಳಿ, ಇಲ್ಲದಿದ್ರೆ ಕೊಡ್ಲಿಕ್ಕಿಲ್ಲ."

ರಾಮದಾಸ ಮೂಲೆಯಲ್ಲಿದ್ದ ಪೊರಕೆಯನ್ನು ಎತ್ತಿಕೊಂಡು ಕೆಳಗಿಳಿದ.