ಕೂರುವ ಸೌಖ್ಯ ಸಪ್ತಾಹ

ವರ್ತಕರ ಸಂಘದ ಕ್ಯಾನ್ಸರ್ ನೆರವು ಸಮಿತಿಯ ಈ ವರ್ಷದ ನಿಧಿ ನಲವತ್ತೆಂಟು ಲಕ್ಷ. ಯಾವ ಅಂಗಕ್ಕೆ ಎಷ್ಟು ಎಂಬುದೊಂದು ಮಾತ್ರ ತೀರ್ಮಾನವಾಗಬೇಕಿತ್ತು.

ಸಮಿತಿಯ ಖಜಾಂಚಿ ರಿಬ್ಬನ್ ಸಾಹುಕಾರರು. ಮೂವತ್ತೆರಡು ವರ್ಷ ರಿಬ್ಬನ್ನು, ಗುಂಡಿ, ಲೇಸು ಮಾರಿದವರು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಕೈಚೀಲ ನೋಡಿ ಎಷ್ಟು ಮೀಟರು ಕತ್ತರಿಸಬೇಕೆಂದು ಹೇಳಬಲ್ಲವರು. ನಿಧಿ ಹಂಚುವ ನಿಯಮಗಳನ್ನು ಬರೆದವರೂ ಅವರೇ. ಅದಕ್ಕೂ ಮೊದಲು ಯಾವ ಸದಸ್ಯರ ಮನೆಯಲ್ಲಿ ಯಾವ ಕಾಯಿಲೆಯೋ ಆ ಕಾಯಿಲೆಗೆ ದುಡ್ಡು ಹೋಗುತ್ತಿತ್ತು. ಸಾಹುಕಾರರಿಗೆ ಅದು ಅಂಗಡಿ ನಡೆಸುವ ರೀತಿಯಾಗಿ ಕಾಣಲಿಲ್ಲ.

"ಓಡೋ ಮಾಲಿಗೆ ಮುಂದಿನ ಕಪಾಟು, ಕೂತ ಮಾಲಿಗೆ ಹಿಂದಿನ ಗೋದಾಮು. ಕಾಯಿಲೆಗೂ ಅಷ್ಟೇ. ಮನೆ ಮಂದಿ ಮುಖ ನೋಡಿ ವ್ಯಾಪಾರ ಮಾಡಿದರೆ ದಿವಾಳಿ" ಎಂದು ಮೂರು ನಿಯಮ ಬರೆದು, ಎಲ್ಲರ ಸಹಿ ಹಾಕಿಸಿ, ಗಾಜಿನ ಚೌಕಟ್ಟಿನಲ್ಲಿ ಕಚೇರಿಯ ಗೋಡೆಗೆ ತೂಗುಹಾಕಿಸಿದ್ದರು.

ನಿಯಮ ಒಂದು: ಪ್ರತಿ ಕಾಯಿಲೆಗೂ ಒಂದು ಬಣ್ಣದ ರಿಬ್ಬನ್ ಇರತಕ್ಕದ್ದು. ವಾರ್ಷಿಕ ಸಪ್ತಾಹದಲ್ಲಿ ಯಾವ ಬಣ್ಣ ಎಷ್ಟು ಮೀಟರು ಮಾರಾಟವಾಗುವುದೋ ಆ ಪ್ರಮಾಣದಲ್ಲಿ ನಿಧಿ ಹಂಚತಕ್ಕದ್ದು. ರಿಬ್ಬನ್ನನ್ನು ಖಜಾಂಚಿಯವರು ಲಾಭವಿಲ್ಲದೆ, ಸಾಗಣೆ ವೆಚ್ಚವನ್ನಷ್ಟೇ ಸೇರಿಸಿ ಒದಗಿಸತಕ್ಕದ್ದು.

ಖಜಾಂಚಿಯವರ ಅಂಗಡಿ ಸಮಿತಿಯ ಕಚೇರಿಯ ಎದುರಿಗೇ ಇತ್ತು. ಸಾಗಣೆಗೆ ಅಷ್ಟು ವೆಚ್ಚ ಹೇಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ರಸ್ತೆ ದಾಟುವುದು ಈಗ ಸುಲಭವಲ್ಲ.

ನಿಯಮ ಎರಡು: ಕಾಯಿಲೆ ಬಿದ್ದ ಅಂಗದ ಹೆಸರು, ಮುಖ್ಯ ಅತಿಥಿಗಳು ಕುಟುಂಬ ಸಮೇತ ಬಂದಾಗ ಮೈಕಿನಲ್ಲಿ ಹೇಳುವಂತಿರಬೇಕು.

ನಿಯಮ ಮೂರು: ಗುಣಮುಖರಾದ ಕನಿಷ್ಠ ಹತ್ತು ಮಂದಿ ವೇದಿಕೆ ಹತ್ತಿ ಕೈಬೀಸಲು ಲಭ್ಯರಿರಬೇಕು.

ನಿಯಮಗಳು ಗಡಿಯಾರದಂತೆ ಕೆಲಸ ಮಾಡಿದವು. ಮೇದೋಜೀರಕ ಗ್ರಂಥಿಯವರು ಅರ್ಜಿ ಹಾಕಿದಾಗ ಹತ್ತು ಮಂದಿಯನ್ನು ಕಳಿಸಿ ಎಂದು ಪತ್ರ ಬರೆಯಲಾಯಿತು. ಮೂವರು ಸಿಕ್ಕಿದ್ದಾರೆ ಎಂದು ಉತ್ತರ ಬಂತು. ಸಪ್ತಾಹದ ಹೊತ್ತಿಗೆ ಒಬ್ಬರು ಉಳಿದಿದ್ದರು. ಅವರಿಗೆ ಕೈಬೀಸುವುದೂ ಆಗುತ್ತಿರಲಿಲ್ಲ. ಅರ್ಜಿಯನ್ನು ವಿಷಾದಪೂರ್ವಕವಾಗಿ ತಿರಸ್ಕರಿಸಲಾಯಿತು. ಶ್ವಾಸಕೋಶದವರ ಅರ್ಜಿಯೊಂದಿಗೆ, ಜೀವನದಲ್ಲಿ ಒಮ್ಮೆಯೂ ಬೀಡಿ ಸಿಗರೇಟು ಮುಟ್ಟಿಲ್ಲವೆಂಬ ನಡತೆ ಪ್ರಮಾಣಪತ್ರ ಕೇಳಲಾಯಿತು. ಅದನ್ನು ತಂದವರಿಗೆ, ನಿಮ್ಮ ಪಕ್ಕದ ಮನೆಯವರದ್ದೂ ತನ್ನಿ ಎನ್ನಲಾಯಿತು.

ಗುಲಾಬಿ ರಿಬ್ಬನ್ನಿನದ್ದು ಬೇರೆಯೇ ಕಥೆ. ಸಮಿತಿಯ ಅಧ್ಯಕ್ಷೆ ಹಿಂದೆ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಸ್ವತಃ ಸ್ತನ ಕ್ಯಾನ್ಸರ್ ದಾಟಿ ಬಂದವರು. ಆ ಪದವನ್ನು ಕೇಳಿ ಸಭೆಯೇ ತಲೆ ತಗ್ಗಿಸುತ್ತಿದ್ದ ಕಾಲದಲ್ಲಿ ತಾವೇ ಮೈಕು ಹಿಡಿದು, ಪಾಠ ಒಪ್ಪಿಸಿದಂತೆ ಹನ್ನೊಂದು ವರ್ಷ ಹೇಳಿ ಹೇಳಿ, ಕೊನೆಗೆ ಪೊಲೀಸ್ ಅಧಿಕಾರಿಗಳೂ ತಡವರಿಸದೆ ಹೇಳುವಂತೆ ಮಾಡಿದ್ದರು. ಗುಲಾಬಿ ಪಾಲಿನ ಹಣದಲ್ಲಿ ಊರ ಆಸ್ಪತ್ರೆಗೆ ಬಂದ ಮೊದಲನೆಯ ಮ್ಯಾಮೋಗ್ರಾಂ ಯಂತ್ರ ಎಷ್ಟೋ ಹೆಂಗಸರ ಜೀವ ಉಳಿಸಿತು. ಎರಡನೆಯದು, ಮೊದಲನೆಯದು ಕೆಟ್ಟರೆ ಇರಲಿ ಎಂದು ಪಕ್ಕದಲ್ಲಿ ನಿಂತಿತು. ಮೂರನೆಯದು ಮರದ ಪೆಟ್ಟಿಗೆಯಲ್ಲೇ ಇತ್ತು; ಪೆಟ್ಟಿಗೆಯ ಮೇಲೆ ಸಿಬ್ಬಂದಿಯವರು ಟೀ ಲೋಟ ಇಡುತ್ತಿದ್ದರು.

ಹೀಗಿರುವಾಗ ಸಾಹುಕಾರರ ಅಣ್ಣನಿಗೆ ಮಲದಲ್ಲಿ ರಕ್ತ ಕಾಣಿಸಿಕೊಂಡಿತು.

ಅಣ್ಣ ಗಡಿಯಾರ ರಿಪೇರಿ ಮಾಡುವವರು. ನಲವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಊರವರಿಗೆಲ್ಲ ಹೊತ್ತು ತಿದ್ದಿಕೊಟ್ಟವರು. ಅದೇ ಆಸ್ಪತ್ರೆಯ ಹೊಟ್ಟೆಯ ಡಾಕ್ಟರು ಬೆರಳಿನಿಂದ ಪರೀಕ್ಷಿಸಿ, ಕೈಗವಸು ಕಳಚುತ್ತಾ, "ಒಂದು ಗಂಟು ತಗಲ್ತಾ ಇದೆ. ಸ್ಕೋಪ್ ಹಾಕಿ ಕರುಳಿನೊಳಗೆ ನೋಡಬೇಕು" ಎಂದರು.

"ಹಾಕಿ" ಎಂದರು ಸಾಹುಕಾರರು.

"ನಮ್ಮಲ್ಲಿ ಇಲ್ಲ."

"ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ?"

"ಎದೆ ಆಗಿದ್ರೆ ಈಗಲೇ ನೋಡ್ತಿದ್ದೆ. ಯಾವ ಯಂತ್ರ ಬೇಕು ಅಂತ ನೀವೇ ಆರಿಸಬಹುದಿತ್ತು. ಕರುಳಿಗೆ ರಾಜಧಾನಿಗೇ ಹೋಗಬೇಕು. ಅಲ್ಲೂ ಇರೋದು ಒಂದೇ. ದಿನಕ್ಕೆ ಇಬ್ಬರು. ನಿಮ್ಮ ಅಣ್ಣನ ಸರದಿ ನಾನೂರ ಹನ್ನೆರಡು."

"ಸ್ವಲ್ಪ ಹೆಚ್ಚಿಗೆ ಕೊಟ್ಟರೆ…"

"ನಿಮ್ಮಣ್ಣನ ಮುಂದೆ ಇರೋ ನಾನೂರ ಹನ್ನೊಂದು ಜನಾನೂ ಹೆಚ್ಚಿಗೆ ಕೊಟ್ಟವರೇ, ಸಾಹುಕಾರ್ರೇ. ಕೊಡದವರ ಪಟ್ಟಿ ಬೇರೆ ಇದೆ."

ಮನೆಗೆ ಮರಳಿದ ಮೇಲೆ ಅಣ್ಣ ಮಂಚದ ಮೇಲೆ ಒಂದು ಪಕ್ಕಕ್ಕೆ ಒರಗಿಕೊಂಡು ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಏಳು ತಿಂಗಳು" ಎಂದರು. "ಲೋ ತಮ್ಮಾ, ನಿನ್ನ ಸಮಿತಿ ಇದೆಯಲ್ಲೋ. ಆ ಸ್ಕೋಪಿಗೆ ಎಷ್ಟಾಗುತ್ತೆ?"

"ಹದಿನೆಂಟು ಲಕ್ಷ ಅಂತಾರೆ."

"ನಲವತ್ತೆಂಟು ಇಟ್ಕೊಂಡು ಕೂತಿದ್ದೀಯ."

"ನಿಯಮ ಇದೆ ಅಣ್ಣಾ."

"ಯಾವನೋ ಬರೆದಿದ್ದು ಅದನ್ನ?"

ಸಾಹುಕಾರರು ಗೋಡೆಯ ಕ್ಯಾಲೆಂಡರ್ ನೋಡಿದರು. ಅತ್ತಿಗೆ ನೀರಿನ ಲೋಟ ತಂದು ಕೈಗಿಟ್ಟು, "ಕುಡೀಪ್ಪಾ. ಗಂಟಲು ಒಣಗಿರುತ್ತೆ" ಎಂದರು.

ತಮ್ಮ ಮನೆಗೆ ನಡೆಯುತ್ತಾ ಸಾಹುಕಾರರು ಯೋಚಿಸಿದರು. ದೊಡ್ಡ ಕರುಳಿಗೊಂದು ಬಣ್ಣ ಬೇಕು. ಇದನ್ನು ಯೋಚಿಸುವಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದೇ ಹೊತ್ತಿಗೆ, ಹನ್ನೆರಡು ವರ್ಷದಿಂದ ಗೋದಾಮಿನಲ್ಲಿ ಕೂತಿದ್ದ ಒಂಬತ್ತು ಸಾವಿರ ಮೀಟರು ಕಂದು ರಿಬ್ಬನ್ನೂ ನೆನಪಿಗೆ ಬಂತು. ಶಾಲೆಗಳವರು ಸಮವಸ್ತ್ರವನ್ನು ಕಂದು ಮಾಡುತ್ತಾರೆಂಬ ಗಾಳಿಸುದ್ದಿ ನಂಬಿ ತರಿಸಿದ್ದು; ಶಾಲೆಗಳು ನೀಲಿ ಮಾಡಿದ್ದವು. ಅಣ್ಣನ ನೆನಪು ಮೊದಲು ಬಂತೋ ರಿಬ್ಬನ್ನಿನ ನೆನಪು ಮೊದಲು ಬಂತೋ ಎಂದು ಕೇಳಿದ್ದರೆ ಅವರು ಆಣೆ ಮಾಡಿ ಅಣ್ಣನದ್ದೇ ಎನ್ನುತ್ತಿದ್ದರು. ಆಣೆ ಮಾಡುವಾಗ ದನಿ ಸ್ವಲ್ಪ ಎತ್ತರಿಸುತ್ತಿದ್ದರು.

ಸಮಿತಿ ಸೇರಿತು. ನಿಯಮ ಮೂರಕ್ಕೆ ತೊಂದರೆ ಬರಲಿಲ್ಲ. ಬೇಗ ಪತ್ತೆಯಾದರೆ ಈ ಕಾಯಿಲೆಯಲ್ಲಿ ಬದುಕುವವರು ಬಹಳ ಎಂದು ಡಾಕ್ಟರು ಬರೆದುಕೊಟ್ಟಿದ್ದರು; ರಾಜಧಾನಿಯಲ್ಲಿ ಗುಣವಾಗಿ ಬಂದ ಹದಿನಾಲ್ಕು ಮಂದಿಯ ವಿಳಾಸವೂ ಇತ್ತು. ಅವರೆಲ್ಲ ಕೈಬೀಸಲು ಒಪ್ಪಿದ್ದರು, ಯಾವ ಕಾಯಿಲೆ ಎಂದು ಹೇಳಬಾರದೆಂಬ ಷರತ್ತಿನ ಮೇಲೆ.

ನಿಯಮ ಎರಡರಲ್ಲಿ ಬಂಡಿ ನಿಂತಿತು.

"ಮೈಕಲ್ಲಿ ಏನಂತ ಹೇಳ್ತಾರೆ?" ಎಂದರು ಕುರ್ಚಿ ಕಾರ್ಖಾನೆಯ ಮಾಲೀಕರು. ಪ್ರತಿ ಸಪ್ತಾಹಕ್ಕೂ ವೇದಿಕೆಯ ಆಸನ ಒದಗಿಸುವವರು ಅವರೇ. "ದೊಡ್ಡ ಕರುಳು, ಗುದ… ಛೆ ಛೆ! ನನ್ನ ಸೊಸೆ ಮುಂದಿನ ಸಾಲಲ್ಲೇ ಕೂತಿರ್ತಾಳೆ."

"ನಿಮ್ಮ ಸೊಸೆಗೂ ಇದೆಯಲ್ಲ ಅದು" ಎಂದರು ಅಧ್ಯಕ್ಷೆ.

"ಮೇಡಂ!"

"ಹೇಳಿ ಅಭ್ಯಾಸ ಆದ್ರೆ ಸರಿಹೋಗುತ್ತೆ. ನನ್ನದೂ ಹಾಗೇ ಆಗಿದ್ದು. ಖಜಾಂಚಿಗಳೇ, ನೀವೇ ಒಂದು ಸಲ ಹೇಳಿ, ಶುರು ಮಾಡೋಣ."

ಸಾಹುಕಾರರು ಬಾಯಿ ತೆರೆದರು. ಮೂವತ್ತೆರಡು ವರ್ಷ ಯಾವ ಮಾಲಿನ ಹೆಸರಿಗೂ ನಾಚದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. "ಅಂದ್ರೆ… ಈ… ಕೂರೋ ಜಾಗದ ಸೌಖ್ಯ" ಎಂದರು.

ಕುರ್ಚಿ ಮಾಲೀಕರ ಮುಖ ಅರಳಿತು. "ಕೂರುವ ಸೌಖ್ಯ! ಎಷ್ಟು ಚೆನ್ನಾಗಿದೆ ನೋಡಿ. ಎಲ್ಲರೂ ಕೂರ್ತಾರೆ. ಮಕ್ಕಳೂ ಹೇಳಬಹುದು."

ಸಾಹುಕಾರರಿಗೆ ಹಾಯೆನಿಸಿತು. ಕಡತದಲ್ಲಿ 'ದೊಡ್ಡ ಕರುಳು' ಎಂದಿದ್ದ ಕಡೆಯಲ್ಲೆಲ್ಲ ತಾವೇ ಕೈಯಾರೆ ಹೊಡೆದುಹಾಕಿ 'ಕೂರುವ ಸೌಖ್ಯ' ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದರು. ಒಟ್ಟು ಹದಿನೇಳು ಕಡೆ. ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ, "ಒಂದು ಕಡೆಯಾದರೂ ಬಿಡಿ" ಎಂದರು. ಆ ಒಂದು ಕಡೆಯೇ ಮುಖ್ಯ ಅತಿಥಿಗಳ ಕಣ್ಣಿಗೆ ಬಿದ್ದರೆ ಎಂದು ಸಾಹುಕಾರರು ಅದನ್ನೂ ಹೊಡೆದರು.

ಸಪ್ತಾಹ ಹಿಂದೆಂದೂ ಕಾಣದಷ್ಟು ಅದ್ದೂರಿಯಾಗಿ ನಡೆಯಿತು. ಕಂದು ರಿಬ್ಬನ್ನಿಗೆ ಚಾಕೊಲೇಟ್ ಬಣ್ಣ ಎಂದು ಹೆಸರಿಡಲಾಯಿತು. "ಕೂರುವುದು ಪ್ರತಿಯೊಬ್ಬರ ಹಕ್ಕು" ಎಂಬ ಫಲಕ ಹಿಡಿದು ಮೂರು ಸಾವಿರ ಜನ ಐದು ಕಿಲೋಮೀಟರು ಎಲ್ಲೂ ಕೂರದೆ ನಡೆದರು. ಬೆನ್ನುನೋವಿನವರು, ಟೈಪಿಸ್ಟರು, ಬಸ್ಸಿನಲ್ಲಿ ಸೀಟು ಸಿಗದವರು ತಮ್ಮ ನೋವಿಗೊಂದು ಬಣ್ಣ ಸಿಕ್ಕಿತೆಂದು ಮೀಟರುಗಟ್ಟಲೆ ಕೊಂಡರು. ಮುಖ್ಯ ಅತಿಥಿಗಳು ಕುಟುಂಬ ಸಮೇತ ಬಂದು, ತಾವು ಬೆಳಗಿನಿಂದ ಸಂಜೆಯವರೆಗೆ ಕೂರುವುದಾಗಿಯೂ ಅದರ ಕಷ್ಟ ಬಲ್ಲವರಾಗಿಯೂ ಮಾತನಾಡಿದರು. ಹದಿನಾಲ್ಕು ಮಂದಿ ಗುಣಮುಖರು ಕೈಬೀಸಿದರು. ಅವರಿಗೆ ಏನಾಗಿತ್ತೆಂದು ಯಾರಿಗೂ ಗೊತ್ತಾಗಲಿಲ್ಲ. ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು. ಮೂರನೆಯ ದಿನಕ್ಕೇ ಗೋದಾಮು ಖಾಲಿಯಾಗಿ, ಸಾಹುಕಾರರು ಇನ್ನೂ ಹನ್ನೊಂದು ಸಾವಿರ ಮೀಟರಿಗೆ ತಂತಿ ಕೊಟ್ಟಷ್ಟು ಅವಸರದಲ್ಲಿ ಫೋನು ಮಾಡಿದರು.

ಮೀಟರಿನ ಪ್ರಕಾರ ಕಂದು ಬಣ್ಣದ ಪಾಲಿಗೆ ಇಪ್ಪತ್ತೆರಡು ಲಕ್ಷ ಬಂತು.

ಸಾಹುಕಾರರು ಯಂತ್ರದ ದರಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ದಾನಿಗಳ ಸಭೆಗೆ ಹೋದರು. ಅಲ್ಲಿ ಕುರ್ಚಿ ಮಾಲೀಕರು ಆಗಲೇ ನಿಂತು ಓದುತ್ತಿದ್ದರು: "ಕೂರುವ ಸೌಖ್ಯ ಬಾಬ್ತಿನ ಇಪ್ಪತ್ತೆರಡು ಲಕ್ಷದಲ್ಲಿ ಆಸ್ಪತ್ರೆಯ ಕಾಯುವ ಕೋಣೆಗಳಿಗೆ, ತಲಾ ಐದು ಸಾವಿರದಂತೆ, ಮೆತ್ತೆ ಹಾಕಿದ ನಾನೂರ ನಲವತ್ತು ಕುರ್ಚಿಗಳು. ಕುರ್ಚಿಗಳನ್ನು ಲಾಭವಿಲ್ಲದೆ, ಸಾಗಣೆ ವೆಚ್ಚವನ್ನಷ್ಟೇ ಸೇರಿಸಿ ಒದಗಿಸಲಾಗುವುದು."

ಸಾಹುಕಾರರು ಎದ್ದು ನಿಂತರು. "ಇದು… ಇದು ಕುರ್ಚಿಗಲ್ಲ. ಯಂತ್ರಕ್ಕೆ."

"ಯಾವ ಯಂತ್ರ?" ಎಂದರು ಕುರ್ಚಿ ಮಾಲೀಕರು, ನಿಜವಾದ ಕುತೂಹಲದಿಂದ.

ಅಧ್ಯಕ್ಷೆ ಕಡತವನ್ನು ಮೊದಲಿಂದ ಕೊನೆಯವರೆಗೆ ತಿರುವಿದರು. "ಕರುಳು ಅಂತ ಇದರಲ್ಲಿ ಎಲ್ಲೂ ಇಲ್ಲ. ಹದಿನೇಳು ಕಡೆ ನಿಮ್ಮದೇ ಸಹಿ ಇದೆ. ನನ್ನ ಗುಲಾಬಿ ಪಾಲಿನಿಂದ ಕೊಡೋಣ ಅಂದ್ರೆ ನಿಮ್ಮ ನಿಯಮ ಒಂದು ಅಡ್ಡ ಬರುತ್ತೆ. ಆದರೂ ಒಂದು ದಾರಿ ಇದೆ." ಮೈಕನ್ನು ಸಾಹುಕಾರರ ಮುಂದೆ ಸರಿಸಿದರು. "ದಾನಿಗಳೆಲ್ಲ ಇಲ್ಲೇ ಇದ್ದಾರೆ. ಇದು ಯಾವ ಕಾಯಿಲೆಗೆ ಅಂತ ಬಾಯಿಬಿಟ್ಟು ಹೇಳಿ. ಅವರು ಕೈ ಎತ್ತಿದರೆ ದುಡ್ಡು ಯಂತ್ರಕ್ಕೆ. ಒಂದೇ ಒಂದು ಪದ. ನಾನು ಹನ್ನೊಂದು ವರ್ಷ ಹೇಳಿದ್ದೇನೆ, ನೀವು ಒಂದು ಸಲ ಹೇಳಿ."

ಸಾಹುಕಾರರು ಮೈಕು ಹಿಡಿದರು. ಮುಂದಿನ ಸಾಲಿನಲ್ಲಿ ಕುರ್ಚಿ ಮಾಲೀಕರ ಸೊಸೆ, ಎದೆಯ ಮೇಲೆ ಕಂದು ರಿಬ್ಬನ್ನಿನ ಹೂವು ಕಟ್ಟಿಕೊಂಡು ನಗುತ್ತಿದ್ದರು. ಸಭೆಯಲ್ಲಿ ಅಂಥ ನೂರಾರು ಹೂವುಗಳು. ಇದು ಚಾಕೊಲೇಟ್ ಅಲ್ಲ, ಇಂಥದ್ದು ಎಂದು ತಿಳಿದರೆ ಎಲ್ಲರೂ ಆ ಕ್ಷಣವೇ ಕಿತ್ತೆಸೆಯುತ್ತಾರೆ. ಜನ ಮುಂಗಡ ಬರೆಸಿದ್ದ ಹನ್ನೊಂದು ಸಾವಿರ ಮೀಟರು ಇನ್ನೂ ಲಾರಿಯಲ್ಲಿತ್ತು. ಅಣ್ಣ ಮನೆಯಲ್ಲಿ ಒಂದು ಪಕ್ಕಕ್ಕೆ ಒರಗಿಕೊಂಡಿದ್ದರು. ಎರಡೂ ಸಾಹುಕಾರರ ಕಣ್ಣಿಗೆ ಕಟ್ಟಿದಂತೆ ಕಂಡವು. ಮೈಕು ಒಮ್ಮೆ ಕೀಚೆಂದಿತು.

"ಎಲ್ಲರಿಗೂ ವಂದನೆಗಳು" ಎಂದು ಹೇಳಿ ಸಾಹುಕಾರರು ಕೂತರು.

ಗೊತ್ತುವಳಿ ಸರ್ವಾನುಮತದಿಂದ ಅಂಗೀಕಾರವಾಯಿತು. ಅಧ್ಯಕ್ಷೆ ಮಾತ್ರ ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡು, ಗುಂಡಿಯೊತ್ತಿ ಅದನ್ನು ತಾವೇ ಆರಿಸಿದರು.

ಅಣ್ಣನ ಸರದಿ ಎಲ್ಲಿಗೆ ಬಂತೆಂದು ತಿಳಿಯಲು ವಾರಕ್ಕೊಮ್ಮೆ ಆಸ್ಪತ್ರೆಗೆ ಬರಬೇಕಿತ್ತು. ಖಜಾಂಚಿಯವರ ಅಣ್ಣ ಎಂಬ ಕಾರಣಕ್ಕೆ ಅವರಿಗೊಂದು ವಿಶೇಷ ಕುರ್ಚಿ ಮಾಡಿಸಿದ್ದರು. ಮೆತ್ತೆಯ ನಡುವೆ ದುಂಡಗಿನ ಕಿಂಡಿ, ಹಿಂದೆ ದಾನಿಗಳ ಹೆಸರಿನ ತಗಡು. ಸಪ್ತಾಹ ಮುಗಿದ ಮೇಲೆ ಒಂದು ದಿನ ಅಣ್ಣ ಅದರಲ್ಲಿ ಕೂತು, ಎರಡು ಸಲ ಮೇಲೆ ಕೆಳಗೆ ಅಲುಗಾಡಿದರು.

"ಹೇಗಿದೆ ಅಣ್ಣಾ?"

"ಕುರ್ಚಿ ಚೆನ್ನಾಗಿದೆ ಕಣೋ. ಅದರ ಬಗ್ಗೆ ಎರಡು ಮಾತಿಲ್ಲ."

ಗುಮಾಸ್ತರು ಕಿಟಕಿಯಿಂದ ಕೂಗಿದರು: "ಇನ್ನೂರ ಅರವತ್ತೆಂಟು."

ಅಣ್ಣ ಹುಬ್ಬು ಗಂಟಿಕ್ಕಿದರು. "ಹೆಸರು ಬರೆಸಿ ಇವತ್ತಿಗೆ ಐವತ್ತು ದಿನ. ದಿನಕ್ಕೆ ಇಬ್ಬರಂತೆ ನೂರು ಜನ. ಲೆಕ್ಕ ಪ್ರಕಾರ ಮುನ್ನೂರ ಹನ್ನೆರಡು ಅನ್ನಬೇಕಿತ್ತು. ಇನ್ನು ನಲವತ್ತನಾಲ್ಕು ಜನ ಎಲ್ಲಿ ಹೋದರೋ?"

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು.

"ಸರದಿ ಬೇಗ ಓಡ್ತಾ ಇದೆ ಅಣ್ಣಾ" ಎಂದರು ಸಾಹುಕಾರರು. "ಒಳ್ಳೇದೇ ಅಲ್ವಾ."

ಅಣ್ಣ ಮಸೂರ ಸಿಕ್ಕಿಸಿದಾಗ ನೋಡುವಂತೆ ಒಂದು ಕಣ್ಣು ಕಿರಿದು ಮಾಡಿ ತಮ್ಮನನ್ನು ನೋಡಿದರು. ಕುರ್ಚಿ ನಿಜಕ್ಕೂ ಮೆತ್ತಗಿತ್ತು.

ಸಮಿತಿಯ ವಾರ್ಷಿಕ ವರದಿಯ ಕೊನೆಯ ಪುಟವನ್ನು ಸಾಹುಕಾರರೇ ಬರೆದರು. ಕೂರುವ ಸೌಖ್ಯ ಸಪ್ತಾಹದಿಂದ ಆದ ಒಟ್ಟು ಪ್ರಯೋಜನ: ಮಾರಾಟವಾದ ರಿಬ್ಬನ್, ಇಪ್ಪತ್ತು ಸಾವಿರ ಮೀಟರು. ಕುರ್ಚಿಗಳು, ನಾನೂರ ನಲವತ್ತು. ಕಿಂಡಿಯುಳ್ಳ ಕುರ್ಚಿ, ಒಂದು. ಕರುಳಿನ ಪರೀಕ್ಷೆಯ ಸರದಿಯಲ್ಲಿ ಐವತ್ತು ದಿನಗಳೊಳಗೆ ಸಾಧಿಸಿದ ಮುನ್ನಡೆ, ನೂರ ನಲವತ್ತನಾಲ್ಕು ಸ್ಥಾನ. ಇದರಲ್ಲಿ ಯಾವ ವೆಚ್ಚವೂ ಇಲ್ಲದೆ ಸಾಧಿಸಿದ್ದು, ನಲವತ್ತನಾಲ್ಕು.