ದೇವರ ಕೋಣೆಯ ಬಾಗಿಲೂ ಆಚಾರ್ರ ಕೊಡತಿಗಳೂ

ಕೊಡತಿ ಎಂದರೆ ಮರದ ಸುತ್ತಿಗೆ. ಅದು ಹೊಕ್ಕ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಇದನ್ನು ನನಗೆ ಮೊದಲು ಹೇಳಿದವರು ರಾಮಕುಂಜದ ಸೋದರಮಾವ. ಐವತ್ತರ ದಶಕದಲ್ಲಿ ಅವರ ಹೊಸ ಮನೆಗೆ ಮರದ ಕೆಲಸ ಆಗುತ್ತಿದ್ದಾಗಿನ ಮಾತು. ಇಲ್ಲಿರುವ ಮೂರು ಪ್ರಸಂಗಗಳಲ್ಲಿ ಕೊನೆಯದಕ್ಕೆ ನಾನೇ ಸಾಕ್ಷಿ.

೧. ಮೂರು ಯಾಕೆ?

ಮರದ ಕೆಲಸಕ್ಕೆ ಬಂದಿದ್ದ ಬಡಗಿ ಆಚಾರ್ರ ಚೀಲದಲ್ಲಿ ಮೂರು ಕೊಡತಿ. ಉಳಿಯ ಹಿಡಿಗೆ ಬಡಿಯಲು ಚಿಕ್ಕದು, ಬೆಣೆ ಕೂರಿಸಲು ನಡುವಿನದು, ಚೌಕಟ್ಟು ಕೂಡಿಸಲು ಹುಣಸೆಮರದ ದೊಡ್ಡದು.

“ಒಂದು ಕಬ್ಬಿಣದ ಸುತ್ತಿಗೆ ಸಾಲ್ದಾ ಆಚಾರ್ರೆ?” ಎಂದರು ಮಾವ.

“ಉಳಿಯ ಹಿಡಿ ಒಡೀತದೆ, ಬಾಗಿಲಿಗೆ ಗಾಯ ಆಗ್ತದೆ. ನೀವು ಮಕ್ಕಳಿಗೂ ದನಕ್ಕೂ ಒಂದೇ ಬೆತ್ತದಲ್ಲಿ ಹೊಡೀತೀರಾ?”

ಅಡುಗೆಮನೆಯಿಂದ ಅತ್ತೆ ಹೇಳಿದರು: “ಹೊಡೀತಾರೆ ಆಚಾರ್ರೆ. ಅದಕ್ಕೇ ಎರಡೂ ಮಾತು ಕೇಳುದಿಲ್ಲ.”

೨. ಶುಂಠಿ

ಒಂದು ಬೆಳಿಗ್ಗೆ ಚಿಕ್ಕ ಕೊಡತಿ ಮಾಯ. ಅತ್ತೆ ಅದರಲ್ಲಿ ಕಷಾಯಕ್ಕೆ ಶುಂಠಿ ಜಜ್ಜಿ ಒಲೆಯ ಬಳಿ ಇಟ್ಟಿದ್ದರು. ಆಚಾರ್ರು ಅದನ್ನು ಮೂಸಿ ನೋಡಿದರು.

“ಎಂತ ಅಮ್ಮ, ಇದಕ್ಕೂ ಶೀತ ಆಗಿತ್ತಾ?”

೩. ಒಳಗೆ ಭಟ್ರು

ಮರುವರ್ಷದ ಆಯುಧಪೂಜೆ. ಕೊಟ್ಟಿಗೆಯ ಕೆಲಸ ನಡೆಯುತ್ತಿದ್ದುದರಿಂದ ಆಚಾರ್ರು ತಮ್ಮ ಹತ್ಯಾರುಗಳನ್ನೆಲ್ಲ ಮಾವನ ದೇವರ ಕೋಣೆಯಲ್ಲೇ ಪೂಜೆಗಿಟ್ಟಿದ್ದರು. ನೈವೇದ್ಯದ ಹೊತ್ತಿಗೆ ಭಟ್ರು ಕ್ರಮದಂತೆ ಬಾಗಿಲನ್ನು ಒಳಗಿನಿಂದ ಎಳೆದುಕೊಂಡರು. ಮಳೆಗೆ ಉಬ್ಬಿದ್ದ ಹಲಸಿನ ಬಾಗಿಲು ಕಚ್ಚಿಕೊಂಡಿತು. ಮಾವ ಹೊರಗಿನಿಂದ ಎಳೆದದ್ದಕ್ಕೆ ಬಾಗಿಲಿನ ಹಿಡಿಯ ಬಳೆ ಕಿತ್ತು ಕೈಗೇ ಬಂತು. ಭಟ್ರು ಇನ್ನೂ ಎರಡು ಮನೆಗೆ ಹೋಗಬೇಕು. ಅಲ್ಲೆಲ್ಲ ಜನ ಉಪವಾಸ ಕೂತಿದ್ದಾರೆ.

ಒಳಗಿನಿಂದ ಭಟ್ರು ಕೂಗಿದರು: “ಆಚಾರ್ರೆ, ಇಲ್ಲಿ ನಿಮ್ಮ ಕೊಡತಿ ಉಂಟು. ಬಡಿಯಲಾ?”

“ಅಯ್ಯೋ, ಬೇಡ ಭಟ್ರೆ! ಪೂಜೆಗಿಟ್ಟದ್ದನ್ನು ಇವತ್ತು ಮುಟ್ಲಿಕ್ಕಿಲ್ಲ. ನಾಳೆ ತೆಗೆಯುದು.”

“ಹಾಗಾದ್ರೆ ನನ್ನನ್ನೂ ನಾಳೆಯೇ ತೆಗೆಯುದಾ?”

ಆಚಾರ್ರು ಕಂಬಕ್ಕೆ ಒರಗಿ ಯೋಚಿಸಿದರು. “ಮಂಗಳಾರತಿ ಆಯ್ತಾ?”

“ಎಲ್ಲಿಂದ!”

“ಹಾಗಾದ್ರೆ ಪೂಜೆ ಮುಗೀಲಿಲ್ಲ. ಮುಟ್ಲಿಕ್ಕಿಲ್ಲ ಅನ್ನುದು ಮುಗಿದ ಮೇಲೆ. ಕೈಮುಗಿದು ಬಡೀರಿ, ಕೆಳಗಿನ ಮೂಲೆಗೆ.”

ಟಕ್ ಟಕ್ ಎಂದಿತು. ಬಾಗಿಲು ಅಲುಗಲಿಲ್ಲ.

“ಯಾವುದರಲ್ಲಿ ಬಡಿಯುದು ನೀವು?”

“ಚಿಕ್ಕದರಲ್ಲಿ. ದೊಡ್ಡದರ ಮೇಲೆ ಹೂವು ಚಂದ ಕೂತಿದೆ ಮಾರಾಯ್ರೆ!”

“ಹೂವು ತೆಗೀರಿ. ದೊಡ್ಡದೇ ಆಗ್ಬೇಕು.”

ಮೂರನೇ ಪೆಟ್ಟಿಗೆ ಬಾಗಿಲು ತೆರೆಯಿತು. ಕುಂಕುಮ ಹಚ್ಚಿದ ಕೊಡತಿ ಹಿಡಿದುಕೊಂಡೇ, ಬೆವರು ಒರೆಸುತ್ತ ಭಟ್ರು ಹೊಸ್ತಿಲು ದಾಟಿದರು.

“ಇಪ್ಪತ್ತು ವರ್ಷದಿಂದ ಪೂಜೆ ಮಾಡ್ತಿದ್ದೇನೆ. ಅರ್ಧ ಪೂಜೆಗೇ ಫಲ ಸಿಕ್ಕಿದ್ದು ಇವತ್ತೇ!”

ನಗುತ್ತಲೇ ಮಂಗಳಾರತಿ ಆಯಿತು. ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ದೇವರು ಬೇಸರಪಡುವುದಿಲ್ಲ, ಆವತ್ತು ನಕ್ಕದ್ದು ಅವನೆದುರೇ.